ಕತ್ತಲೆಗೊಂದು ಪ್ರಾಣಿ ಕಟ್ಟುವುದು ಹೇಗೆ? ಮಲೆನಾಡಿನ ‘ತಡಕ’ನ ಜೊತೆ ಒಂದು ಸಮಗ್ರ ಮಾರ್ಗದರ್ಶಿ

ರಾತ್ರಿ ಪ್ರಾಣಿ ಬಿಡಿಸಿ ಅಂದರೆ ಎಲ್ಲರೂ ಮೊದಲು ಎರಡು ದೊಡ್ಡ ಕಣ್ಣು ಬಿಡಿಸುತ್ತಾರೆ. ನಾನೂ ಹಾಗೇ ಶುರು ಮಾಡಿದ್ದು. ಬಟ್ಟಲಿನಂಥ ಕಣ್ಣು, ಕಪ್ಪು ಮೈ, ಚೂಪು ಹಲ್ಲು. ನೋಡೋಕೆ ಚೆನ್ನಾಗಿಯೇ ಇತ್ತು. ಗೆಳೆಯನೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಏನು ತಿನ್ನುತ್ತೆ? ಹಗಲು ಎಲ್ಲಿ ಮಲಗುತ್ತೆ? ಇದರ ಮುತ್ತಜ್ಜ ಯಾರು?’ ಅಂತ ಕೇಳಿದ. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಪೆಕ್ಯುಲೇಟಿವ್ ಎವಲ್ಯೂಶನ್ ಅಂದರೆ ಇಷ್ಟೇ: ಈಗಿರುವ ಜೀವಿ, ಈಗಿರುವ ವಿಕಾಸದ ನಿಯಮ ಇಟ್ಟುಕೊಂಡು, ಮುಂದೆ ಹೀಗಾದರೆ ಏನಾಗಬಹುದು ಅಂತ ಲೆಕ್ಕ ಹಾಕಿ ಪ್ರಾಣಿ ಕಟ್ಟುವುದು. ಆ ಗೆಳೆಯ ಕೇಳಿದ್ದು ಈ ಲೆಕ್ಕವನ್ನೇ. ಆಮೇಲೆ ನಾನು ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ಅಜ್ಜ, ಆಮೇಲೆ ರಾತ್ರಿ, ಆಮೇಲೆ ಹೊಟ್ಟೆ. ಕಣ್ಣು ಕೊನೆಗೆ. ಹಾಗೆ ಕಟ್ಟಿದ ಒಂದು ಪ್ರಾಣಿಯನ್ನೇ ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಅದರ ಹೆಸರು ತಡಕ. ಯಾಕೆ ಆ ಹೆಸರು ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಅಜ್ಜನನ್ನು ಆರಿಸಿ, ಅವನ ಸಾಲವನ್ನೂ ಬರೆದಿಡಿ

ಈಗಾಗಲೇ ರಾತ್ರಿ ಓಡಾಡುವ ಪ್ರಾಣಿಯನ್ನು ಆರಿಸಿದರೆ ಕೆಲಸ ಸುಲಭ. ಕಾಡುಪಾಪ, ಪುನುಗು ಬೆಕ್ಕು, ಹಾರುಬೆಕ್ಕು ಇವಕ್ಕೆಲ್ಲ ಕತ್ತಲೆಯ ಸಾಮಾನು ಮೈಯಲ್ಲೇ ಇದೆ. ಆದರೆ ಅದರಲ್ಲಿ ಮಜಾ ಕಡಿಮೆ. ಹಗಲಿನ ಪ್ರಾಣಿಯೊಂದನ್ನು ಕತ್ತಲೆಗೆ ತಳ್ಳಿದಾಗಲೇ ಕಥೆ ಹುಟ್ಟುವುದು. ಹಾಗಾಗಿ ನಾನು ಆರಿಸಿದ್ದು ನಮ್ಮ ತೋಟಕ್ಕೆ, ಅಡುಗೆಮನೆಗೆ, ದೇವಸ್ಥಾನದ ಪ್ರಸಾದಕ್ಕೆ ಬರುವ ಮಂಗವನ್ನು. ಬಾನೆಟ್ ಮಕಾಕ್. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದು ಸಹಜವಾಗಿ ಇಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಎರಡು ಕಡೆ ಬರೆಯಿರಿ. ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಸಾಲ.

ಮಂಗನ ಆಸ್ತಿ ಜೋರಾಗಿದೆ. ಅದ್ಭುತವಾದ ಕೈ. ಏನು ಸಿಕ್ಕರೂ ತಿನ್ನುವ ಹೊಟ್ಟೆ. ಕದ್ದದ್ದನ್ನು ತುಂಬಿಕೊಂಡು ಓಡಲು ಕೆನ್ನೆಯಲ್ಲಿ ಚೀಲ. ಒಂದು ಸಲ ಕಲಿತದ್ದನ್ನು ಮರೆಯದ ತಲೆ.

ಸಾಲ? ನಾಯಿ, ಬೆಕ್ಕು, ದನದ ಕಣ್ಣಿಗೆ ಟಾರ್ಚ್ ಬಿಟ್ಟರೆ ಹೊಳೆಯುತ್ತದೆ, ಅಲ್ವಾ? ಅಕ್ಷಿಪಟದ ಹಿಂದೆ ಕನ್ನಡಿಯಂಥ ಒಂದು ಪದರ ಇದೆ, ಅದು ಒಳಗೆ ಬಂದ ಬೆಳಕನ್ನು ಇನ್ನೊಂದು ಸಲ ವಾಪಸ್ ಕಳಿಸುತ್ತದೆ. ಟಪೀಟಮ್ ಅಂತಾರೆ. ಕಾಡುಪಾಪಕ್ಕೆ ಅದಿದೆ. ಮಂಗಕ್ಕೆ ಇಲ್ಲ, ನಮಗೂ ಇಲ್ಲ. ನಾಯಿಯ ಹಾಗೆ ಒದ್ದೆ ಮೂಗೂ ಇಲ್ಲ, ಮೂಸುವ ಶಕ್ತಿಯೂ ಅಷ್ಟಕ್ಕಷ್ಟೆ. ಬಾಲ ಉದ್ದ ಇದೆ, ಆದರೆ ಅದು ಕೊಂಬೆ ಹಿಡಿಯುವುದಿಲ್ಲ. (ಬಾಲದಲ್ಲಿ ನೇತಾಡುವ ಮಂಗಗಳು ಇರುವುದು ಅಮೆರಿಕ ಖಂಡದಲ್ಲಿ. ನಮ್ಮ ಮಂಗಕ್ಕೆ ಅಂಥ ಬಾಲ ಬಿಡಿಸಿದ ಚಿತ್ರಗಳನ್ನು ಎಷ್ಟೋ ನೋಡಿದ್ದೇನೆ, ಪ್ರತಿ ಸಲ ಮೈ ಉರಿಯುತ್ತದೆ.)

ಸಾಲದ ಪಟ್ಟಿಯೇ ನಿಮ್ಮ ಪ್ರಾಣಿಯ ನಿಜವಾದ ಡಿಸೈನ್. ವಿಕಾಸಕ್ಕೆ ಹೊಸದಾಗಿ ಅಂಗಡಿಗೆ ಹೋಗಿ ಸಾಮಾನು ತರಲು ಆಗುವುದಿಲ್ಲ. ಮನೆಯಲ್ಲಿ ಇದ್ದದ್ದರಲ್ಲೇ ಅಡುಗೆ ಆಗಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಆಗ್ನೇಯ ಏಷ್ಯಾದ ಟಾರ್ಸಿಯರ್. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ರಾಣಿ. ಅದರ ಪೂರ್ವಜರೂ ಹಗಲಿನ ಬದುಕಿನಲ್ಲಿ ಆ ಕನ್ನಡಿ ಕಳೆದುಕೊಂಡು, ಆಮೇಲೆ ಮತ್ತೆ ರಾತ್ರಿಗೆ ಬಂದವರು ಅನ್ನುವುದು ಅನೇಕ ವಿಜ್ಞಾನಿಗಳ ಲೆಕ್ಕ. ಕನ್ನಡಿ ವಾಪಸ್ ಬರಲಿಲ್ಲ. ಬದಲಿಗೆ ಕಣ್ಣೇ ಊದಿತು. ಒಂದೊಂದು ಕಣ್ಣೂ ಅದರ ಮಿದುಳಿನಷ್ಟು ದೊಡ್ಡದು. ದೊಡ್ಡ ಕಣ್ಣು ಅಲ್ಲಿ ಅಲಂಕಾರ ಅಲ್ಲ, ಹಳೇ ಸಾಲಕ್ಕೆ ಕಟ್ಟುತ್ತಿರುವ ಬಡ್ಡಿ.

ಹಂತ 2: ಯಾವ ರಾತ್ರಿ?

ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ‘ರಾತ್ರಿ’ ಅಂತ ಒಂದೇ ಒಂದು ವಸ್ತು ಇಲ್ಲ.

ಬೆಳಕನ್ನು ಅಳೆಯುವ ಮಾನ ಲಕ್ಸ್. ನಡು ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ದಾಟುವುದೇ ಕಷ್ಟ. ಸೂರ್ಯನಿಗಿಂತ ಪೂರ್ಣಚಂದ್ರ ಸುಮಾರು 4 ಲಕ್ಷ ಪಟ್ಟು ಮಂಕು. ಬರೀ ನಕ್ಷತ್ರದ ಬೆಳಕಾದರೆ ಒಂದು ಲಕ್ಸಿನ ಸಾವಿರದಲ್ಲಿ ಒಂದು ಪಾಲು. ಇದು ಬಯಲಿನ ಲೆಕ್ಕ. ದಟ್ಟ ಕಾಡಿನ ನೆಲಕ್ಕೆ ಇದರಲ್ಲೂ ನೂರಕ್ಕೆ ಒಂದೆರಡು ಪಾಲು ಇಳಿದರೆ ಹೆಚ್ಚು.

ಈಗ ಅದರ ಮೇಲೆ ಮಲೆನಾಡಿನ ಮಳೆಗಾಲ ಹಾಕಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಮೋಡ, ಮಂಜು, ಮೇಲೆ ಎಲೆಗಳ ಚಪ್ಪರ. ಅಲ್ಲಿ ಆಷಾಢದ ಅಮಾವಾಸ್ಯೆ ರಾತ್ರಿ, ಅಂದರೆ ಭೀಮನ ಅಮಾವಾಸ್ಯೆಯ ರಾತ್ರಿ, ಮುಖದ ಮುಂದೆ ಹಿಡಿದ ನಿಮ್ಮ ಕೈ ನಿಮಗೇ ಕಾಣುವುದಿಲ್ಲ.

ಕಣ್ಣು ಹೋಯಿತು, ಕಿವಿ ಇದೆಯಲ್ಲ ಅಂತೀರಾ? ಹಂಚಿನ ಮನೆಯಲ್ಲಿ ಕೂತವರಿಗೆ ಗೊತ್ತು. ಮಳೆ ಜೋರು ಹಿಡಿದರೆ ಪಕ್ಕದಲ್ಲಿ ಕೂತವರಿಗೂ ಕೂಗಿಯೇ ಹೇಳಬೇಕು. ಕಾಡಿನಲ್ಲಿ ಎಲೆ ಎಲೆಯೂ ಹಂಚು. ಜೊತೆಗೆ ಸಾವಿರ ಕಪ್ಪೆ. ಇಲಿಯ ಹೆಜ್ಜೆ ಕೇಳಿ ಎರಗುವ ಬೇಟೆಗಾರನಿಗೆ ಅದು ಉಪವಾಸದ ಕಾಲ. ಇನ್ನು ಮೂಗು. ವಾಸನೆ ಮಳೆಗೆ ತೊಳೆದುಹೋಗುತ್ತದೆ.

ಹಾಗಾಗಿ ನನ್ನ ನಿಯಮ ಇದು: ಪ್ರಾಣಿಯನ್ನು ವರ್ಷದ ಅತಿ ಕೆಟ್ಟ ರಾತ್ರಿಗೆ ಕಟ್ಟಿ, ಹುಣ್ಣಿಮೆಗೆ ಅಲ್ಲ. ಬೆಳದಿಂಗಳಲ್ಲಿ ಯಾರು ಬೇಕಾದರೂ ಬದುಕುತ್ತಾರೆ. ಮಾಘದ ಚಳಿಯಲ್ಲಿ, ವೈಶಾಖದ ಒಣ ಎಲೆಯ ಮೇಲೆ, ಶ್ರಾವಣದ ಮಳೆಯಲ್ಲಿ ಏನೇನು ಬದಲಾಗುತ್ತದೆ ಅಂತ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಮರುಭೂಮಿಯಾದರೆ ಚಳಿ ಮತ್ತು ಬಯಲು, ಪಟ್ಟಣವಾದರೆ ಬೀದಿ ದೀಪ. ಜಾಗ ಬದಲಾದರೆ ಪ್ರಶ್ನೆಗಳೂ ಬದಲಾಗುತ್ತವೆ.

ಹಂತ 3: ಹಗಲು ಬಿಟ್ಟು ಬಂದದ್ದು ಯಾಕೆ?

ಸುಮ್ನೆ ಯಾರೂ ಕತ್ತಲೆಗೆ ಬರುವುದಿಲ್ಲ. ತಳ್ಳಿದವರು ಬೇಕು.

ಮನುಷ್ಯರ ಕಾಟವೇ ಒಂದು ದೊಡ್ಡ ಕಾರಣ ಆಗಬಹುದು. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 62 ಜಾತಿಯ ಸಸ್ತನಿಗಳ ಮಾಹಿತಿ ಒಟ್ಟು ಹಾಕಿ ನೋಡಿತ್ತು. ಜನರ ಓಡಾಟ ಇರುವ ಕಡೆ ಅವುಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಆಗಿತ್ತು. ಅದು ವಿಕಾಸ ಅಲ್ಲ, ಬರೀ ಅಭ್ಯಾಸ. ಆದರೆ ಅಭ್ಯಾಸ ಮೊದಲು ಬದಲಾಗಿ ಮೈ ನಿಧಾನಕ್ಕೆ ಹಿಂದೆ ಬರುವುದು ನಂಬಬಹುದಾದ ದಾರಿ.

ನನ್ನ ಕಥೆಯಲ್ಲಿ ಇನ್ನೊಂದು ತಳ್ಳಾಟವೂ ಇದೆ. ಉತ್ತರದ ರೀಸಸ್ ಮಂಗಗಳು ಬಾನೆಟ್ ಮಂಗಗಳ ಜಾಗವನ್ನು ಒತ್ತರಿಸುತ್ತಾ ದಕ್ಷಿಣಕ್ಕೆ ಇಳಿಯುತ್ತಿರುವುದು ಈಗಲೇ ದಾಖಲಾಗಿದೆ. ಮುಂದೆ ಮನುಷ್ಯ ಹೋದ ಮೇಲೂ ಹಗಲಿನ ಜಾಗ ಖಾಲಿ ಇರಲಿಲ್ಲ, ರೀಸಸ್ ಸಂತತಿ ಅಲ್ಲಿ ಕೂತಿತ್ತು ಅಂತ ಇಟ್ಟುಕೊಂಡೆ. ಇದು ಮುಖ್ಯ. ತಳ್ಳಿದವರು ಹೋದ ಮೇಲೂ ನಿಮ್ಮ ಪ್ರಾಣಿ ಯಾಕೆ ವಾಪಸ್ ಬರಲಿಲ್ಲ ಅನ್ನುವುದಕ್ಕೆ ಒಂದು ಕಾರಣ ಬೇಕೇ ಬೇಕು.

ಹಂತ 4: ಹೊಟ್ಟೆಪಾಡು (ಇಲ್ಲಿ ನಾನು ಒಂದು ಸಲ ಮುಗ್ಗರಿಸಿದೆ)

ಕೆಟ್ಟ ರಾತ್ರಿಯಲ್ಲಿ ಕಣ್ಣು, ಕಿವಿ, ಮೂಗು ಮೂರೂ ಕೈಕೊಟ್ಟವು. ಕೈ ಮಾತ್ರ ಕೈಕೊಡಲಿಲ್ಲ. ಕರೆಂಟ್ ಹೋದಾಗ ನಾವು ಕಡ್ಡಿಪೆಟ್ಟಿಗೆ ಹುಡುಕುವುದು ಹೇಗೆ? ತಡಕಾಡಿ. ಮಂಗನ ದೊಡ್ಡ ಆಸ್ತಿಯೂ ಕೈಯೇ. ಹೆಸರು ಅಲ್ಲಿಂದ ಬಂತು: ತಡಕ.

ಮೊದಲ ಡಿಸೈನಿನಲ್ಲಿ ತಡಕ ರಾತ್ರಿ ಹಳ್ಳಕ್ಕೆ ಇಳಿದು, ಕಲ್ಲಿನ ಅಡಿಗೆ ಕೈ ಹಾಕಿ ಏಡಿ ಹಿಡಿಯುತ್ತಿತ್ತು. ಚಂದದ ಚಿತ್ರ. ಎರಡು ವಾರ ಕೂತು ಬಿಡಿಸಿದೆ. ಆಮೇಲೆ ಹೊಳೆಯಿತು, ಇದೇ ಕೆಲಸಕ್ಕೆ ಈಗಾಗಲೇ ಒಬ್ಬರಿದ್ದಾರೆ. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಸಣ್ಣ ಉಗುರಿನ ನೀರುನಾಯಿ ಕತ್ತಲಲ್ಲಿ ಮುಂಗಾಲಿನ ಬೆರಳುಗಳಿಂದ ಕಲ್ಲಿನ ಸಂದಿ ತಡಕಿ ಏಡಿಯನ್ನೇ ತಿನ್ನುತ್ತದೆ. ಅದು ಈಜುತ್ತದೆ ಕೂಡ. ನಮ್ಮ ಮಂಗ ಅದರ ಮುಂದೆ ಎರಡು ದಿನ ಬಾಳಲ್ಲ.

ಪ್ರಾಣಿಗೆ ಕೆಲಸ ಕೊಡುವ ಮೊದಲು ಆ ಕೆಲಸ ಖಾಲಿ ಇದೆಯಾ ಅಂತ ನೋಡಿ. ಇದ್ದವರನ್ನು ಕಥೆಯಲ್ಲಿ ಅಳಿಸಿಹಾಕಬಹುದು, ಆದರೆ ಅದು ಸೋಮಾರಿ ದಾರಿ. ಅದರ ಬದಲು ಕೇಳಿಕೊಳ್ಳಿ: ಎದುರಾಳಿ ಎಲ್ಲಿಗೆ ಬರಲಾರ? ನೀರುನಾಯಿ ಮರ ಹತ್ತುವುದಿಲ್ಲ.

ಮರದ ಮೇಲೆ ಏಡಿ ಎಲ್ಲಿಂದ ಬರಬೇಕು ಅಂತ ನಗಬೇಡಿ. ಕೇರಳದ ದಕ್ಷಿಣ ತುದಿಯ ಕಾಡಿನಲ್ಲಿ ‘ಕಾಣಿ ಮರಂಜಂಡು’ ಅನ್ನುವ ಏಡಿ ಇದೆ, 2017ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಅದು ಇರುವುದೇ ಮರದ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ. ಅಂದರೆ ಮರದ ಪೊಟರೆಯೇ ಒಂದು ಪುಟ್ಟ ಕೆರೆ. ಒಳಗೆ ಏಡಿ, ಗೊದಮೊಟ್ಟೆ, ಹುಳ, ಕೆಲವೊಮ್ಮೆ ಮಲಗಿದ ಹಲ್ಲಿ. ಅದರಲ್ಲೂ ಮಳೆ ಜೋರಾದಷ್ಟೂ ಇದು ತುಂಬುತ್ತದೆ. ಎಲ್ಲರಿಗೂ ಕೆಟ್ಟ ರಾತ್ರಿ ತಡಕನಿಗೆ ಹಬ್ಬದ ರಾತ್ರಿ ಆಯಿತು. ಡಿಸೈನ್ ಸರಿಯಾಗಿದೆ ಅಂತ ನನಗೆ ಧೈರ್ಯ ಬಂದದ್ದು ಈ ಒಂದು ತಿರುವಿನಿಂದ.

ಬೇಸಿಗೆಯಲ್ಲಿ ಪೊಟರೆ ಒಣಗುತ್ತದೆ. ಆಗ ಹಲಸು, ಬೈನೆ ಹಣ್ಣು, ಕೊಳೆತ ಮರದ ಹುಳ. ಮಂಗನ ಹೊಟ್ಟೆ, ಯೋಚನೆ ಬೇಡ.

ಹಂತ 5: ಇಂದ್ರಿಯಗಳಿಗೆ ಬಜೆಟ್ ಹಾಕಿ

ಮಿದುಳು ದುಬಾರಿ ಅಂಗ. ಎಲ್ಲಾ ಇಂದ್ರಿಯಕ್ಕೂ ನೂರಕ್ಕೆ ನೂರು ಕೊಟ್ಟರೆ ಅದು ಪ್ರಾಣಿ ಅಲ್ಲ, ಸೂಪರ್‌ಹೀರೋ. ನಾನು 100 ರೂಪಾಯಿ ಇಟ್ಟುಕೊಂಡು ಹಂಚುತ್ತೇನೆ. ತಡಕನಿಗೆ ಸ್ಪರ್ಶಕ್ಕೆ 50, ಕಿವಿಗೆ 25, ಕಣ್ಣಿಗೆ 15, ಮೂಗಿಗೆ 10.

ಮೊದಲು ಕೈ. ಒಂದು ಪ್ರಯೋಗ ಮಾಡಿ. ಕೊಡಪಾನಕ್ಕೆ ಅರ್ಧ ನೀರು ತುಂಬಿ, ಒಂದು ಹಿಡಿ ಜಲ್ಲಿಕಲ್ಲು, ನಾಲ್ಕು ಹುಣಸೆ ಬೀಜ, ಒಂದು ಗೋಲಿ ಹಾಕಿ. ಕಣ್ಣು ಮುಚ್ಚಿ ಹುಣಸೆ ಬೀಜಗಳನ್ನು ಮಾತ್ರ ತೆಗೆಯಿರಿ. ನಿಮಗೆ ಮೂರು ವಿಷಯ ಗೊತ್ತಾಗುತ್ತದೆ. ಅಂಗೈಗೆ ಕೆಲಸವೇ ಇಲ್ಲ, ಬೆರಳ ತುದಿಯೇ ಎಲ್ಲಾ ಮಾಡುತ್ತದೆ. ಕೊಡದ ಕುತ್ತಿಗೆಯಲ್ಲಿ ಮೊಣಕೈ ಸಿಕ್ಕಿಕೊಳ್ಳುತ್ತದೆ. ಮತ್ತೆ, ಐದು ನಿಮಿಷಕ್ಕೆ ಕೈ ತಣ್ಣಗಾಗಿ ಬೆರಳು ಜೋಮು ಹಿಡಿಯುತ್ತದೆ.

ಈ ಮೂರೂ ಸೇರಿ ತಡಕನ ತೋಳಾಯಿತು. ಮುಂದೋಳು ಉದ್ದ, ತೆಳ್ಳಗೆ. ಮೊಣಕೈವರೆಗೆ ಕೂದಲು ವಿರಳ, ಒದ್ದೆ ಕೂದಲು ಭಾರ ಅಲ್ವಾ. ಬೆರಳ ತುದಿಯ ಒಳಭಾಗ ಮೆತ್ತಗೆ, ಸೂಕ್ಷ್ಮ. ಹೊರಭಾಗ ಜಡ್ಡುಗಟ್ಟಿದ ಗಟ್ಟಿ ಚರ್ಮ, ಯಾಕೆಂದರೆ ಏಡಿ ಕಚ್ಚುತ್ತದೆ. ಮಲೆನಾಡಿನ ಮಕ್ಕಳಿಗೆ ಏಡಿ ಹಿಡಿಯುವ ಕ್ರಮ ಗೊತ್ತು: ಮುಂದಿನಿಂದ ಹೋಗಬಾರದು, ಹಿಂದಿನಿಂದ ಬೆನ್ನು ಒತ್ತಿ ಹಿಡಿಯಬೇಕು. ತಡಕನ ಮರಿಯೂ ಇದನ್ನು ತಾಯಿಯಿಂದ ಕಲಿಯುತ್ತದೆ, ಕಲಿಯುವವರೆಗೆ ಕಚ್ಚಿಸಿಕೊಳ್ಳುತ್ತದೆ. ತಣ್ಣಗಾಗುವ ಸಮಸ್ಯೆಗೆ ಬಾತುಕೋಳಿಯ ಕಾಲಿನ ಉಪಾಯ. ಕೆಳಗೆ ಹೋಗುವ ಬಿಸಿ ರಕ್ತದ ನಾಳವೂ ಮೇಲೆ ಬರುವ ತಣ್ಣನೆಯ ರಕ್ತದ ನಾಳವೂ ಅಂಟಿಕೊಂಡೇ ಇರುವುದರಿಂದ ಬಿಸಿ ಮೈಯೊಳಗೇ ಉಳಿಯುತ್ತದೆ. ಆದರೆ ಬಿಸಿ ಮೇಲೆಯೇ ಉಳಿದರೆ ಬೆರಳು ಇನ್ನೂ ತಣ್ಣಗಾಗುತ್ತದೆ. ಅದಕ್ಕೇ ತಡಕ ಎರಡು ಪೊಟರೆ ಮುಗಿದ ಮೇಲೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತದೆ. ಇಂಥ ಒಂದು ಸಣ್ಣ ಅಭ್ಯಾಸ ಕೊಟ್ಟು ನೋಡಿ, ಪ್ರಾಣಿಗೆ ಜೀವ ಬಂದುಬಿಡುತ್ತದೆ.

ಪೊಟರೆಯಲ್ಲಿ ಏಡಿ ಮಾತ್ರ ಇರುವುದಿಲ್ಲ. ಗುಳಿಮಂಡಲ ಹಾವೂ ಇರಬಹುದು, ಅದಕ್ಕೆ ಕತ್ತಲಲ್ಲೂ ನಿಮ್ಮ ಬಿಸಿ ಕೈ ಗೊತ್ತಾಗುತ್ತದೆ. ಹಾಗಾಗಿ ಮೊದಲು ಕಡ್ಡಿ, ಆಮೇಲೆ ಕೈ. ಇದು ಅತಿಯಾಯಿತೇ? ಇಲ್ಲ. ಥಾಯ್ಲೆಂಡಿನ ಕಡಲ ತೀರದಲ್ಲಿ ತಡಕನ ನೆಂಟರಾದ ಉದ್ದ ಬಾಲದ ಮಕಾಕ್‌ಗಳು ಕಲ್ಲಿನಿಂದ ಚಿಪ್ಪು ಒಡೆದು ತಿನ್ನುತ್ತವೆ. ಕಡ್ಡಿ ಆಡಿಸಿ ಕಿವಿಗೊಟ್ಟು ಕೂರುತ್ತದೆ ತಡಕ. ಮಡಗಾಸ್ಕರಿನ ಐ-ಐ ಅನ್ನುವ ರಾತ್ರಿ ಪ್ರಾಣಿ ಹೀಗೇ ಸಪೂರ ನಡುಬೆರಳಿನಿಂದ ಮರ ತಟ್ಟಿ ಒಳಗಿನ ಹುಳದ ಜಾಗ ಕೇಳಿ ತಿಳಿಯುತ್ತದೆ. ಕಿವಿಗೆ ಕೊಟ್ಟ 25 ರೂಪಾಯಿ ಇದಕ್ಕೇ. ದೂರದ ಸದ್ದಿಗಲ್ಲ, ಮಳೆ ಅದನ್ನು ನುಂಗುತ್ತದೆ. ಒಂದು ಮೊಳದ ಒಳಗಿನ ಸದ್ದಿಗೆ.

ಈಗ ಬಂತು ಕಣ್ಣು. ರಾತ್ರಿ ಹೊರಗೆ ನಿಂತು ಅರುಂಧತಿಗಿಂತ ಮಂಕಾದ ಒಂದು ನಕ್ಷತ್ರ ಹುಡುಕಿ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಮೊಬೈಲ್ ಒಳಗಿಡಿ. ನೇರವಾಗಿ ನೋಡಿದರೆ ನಕ್ಷತ್ರ ಮಾಯ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಯಾಕೆಂದರೆ ನಮ್ಮ ಕಣ್ಣಿನ ನಡುಮಧ್ಯದಲ್ಲಿ ಬಣ್ಣ ಕಾಣುವ ಕೋನ್ ಕೋಶಗಳು ಮಾತ್ರ ಒತ್ತಾಗಿವೆ, ಮಂದ ಬೆಳಕಿನ ರಾಡ್ ಕೋಶಗಳು ಅಲ್ಲಿ ಇಲ್ಲ. ಇಡೀ ಕಣ್ಣಿನಲ್ಲಿ ರಾಡ್ ಸುಮಾರು 12 ಕೋಟಿ, ಕೋನ್ 60 ಲಕ್ಷ. ಮಂಗನ ಕಣ್ಣಿನ ಕಟ್ಟಡವೂ ಇದೇ ಥರ.

ತಡಕನಲ್ಲಿ ಆ ನಡುಭಾಗ ಮಸುಕಾಗಿದೆ, ರಾಡ್ ತುಂಬಿಕೊಂಡಿವೆ, ಬಣ್ಣ ಬಹುಪಾಲು ಹೋಗಿದೆ. ಇದು ಊಹೆಯ ಮೇಲೆ ಊಹೆ ಅಲ್ಲ. ದಕ್ಷಿಣ ಅಮೆರಿಕದ ಗೂಬೆ ಮಂಗದಲ್ಲಿ ಹೆಚ್ಚುಕಡಿಮೆ ಹೀಗೇ ಆಗಿದೆ. ಕಣ್ಣು ಮುಖಕ್ಕೆ ಹೋಲಿಸಿದರೆ ದೊಡ್ಡದು, ಆದರೆ ಬಟ್ಟಲಿನಷ್ಟಲ್ಲ. ಪಾಪೆಯ ಅಗಲ ಎರಡು ಪಟ್ಟಾದರೆ ಒಳಗೆ ಬರುವ ಬೆಳಕು ನಾಲ್ಕು ಪಟ್ಟು, ಅಷ್ಟು ಸಾಕು, ಕೊಂಬೆಯಿಂದ ಕೊಂಬೆಗೆ ಹೋಗಲು. ಊಟ ಹುಡುಕುವುದು ಕೈ ತಾನೇ.

ಹಂತ 6: ಗಾತ್ರ ಮತ್ತು ಬಣ್ಣ

ಈಗ ಬದುಕಿರುವ ರಾತ್ರಿ ಪ್ರೈಮೇಟ್‌ಗಳಲ್ಲಿ (ಮಂಗ, ಕಾಡುಪಾಪ, ನಾವು ಎಲ್ಲ ಸೇರುವ ಗುಂಪು) ಎಲ್ಲಕ್ಕಿಂತ ದೊಡ್ಡದು ಐ-ಐ, ಸುಮಾರು ಎರಡೂವರೆ ಕೆಜಿ. ಅದನ್ನು ಮೀರುವುದಾದರೆ ಗಟ್ಟಿ ಕಾರಣ ಬೇಕು. ತಡಕ 2 ಕೆಜಿ.

ಬಣ್ಣದ ವಿಷಯದಲ್ಲಿ ಒಂದು ತಮಾಷೆ ಇದೆ. ರಾತ್ರಿ ಪ್ರಾಣಿಯ ಮೈಬಣ್ಣ ನಿರ್ಧಾರ ಆಗುವುದು ಹೆಚ್ಚಾಗಿ ಹಗಲಲ್ಲಿ. ಅದು ನಿದ್ದೆಯಲ್ಲಿರುವಾಗ, ಶತ್ರುವಿನ ಕಣ್ಣು ಚುರುಕಾಗಿರುವಾಗ. ದಾಂಡೇಲಿ ಕಡೆ ಹಕ್ಕಿ ನೋಡಲು ಹೋದವರು ಕಪ್ಪೆಬಾಯಿ ಹಕ್ಕಿಯ ಎದುರೇ ನಿಂತು ‘ಎಲ್ಲಿ, ಎಲ್ಲಿ’ ಅಂತ ಹುಡುಕುವುದು ಇದಕ್ಕೇ. ಒಣ ಎಲೆಯ ಹಾಗೇ ಕೂತಿರುತ್ತದೆ. ಬಯಲಲ್ಲಿ ಮಲಗುವ ಪ್ರಾಣಿಗೆ ಅಂಥ ಮೈ ಬೇಕು. ತಡಕ ಬಳ್ಳಿಗಳ ಗೋಜಲಿನಲ್ಲಿ ಮಲಗುತ್ತದೆ, ಹಾಗಾಗಿ ಪಾಚಿ ಹಿಡಿದ ತೊಗಟೆಯ ಕಂದು. ಕಪ್ಪು ಅಲ್ಲ. ಹುಬ್ಬಿನ ಮೇಲೆ ಮಾತ್ರ ಎರಡು ಬಿಳಿ ಪಟ್ಟೆ, ಮುಸ್ಸಂಜೆಯಲ್ಲಿ ಜೊತೆಗಾರ ಗುರುತಿಸಲು.

ಹಂತ 7: ಸಂಸಾರ

ಇದನ್ನು ಬಹಳ ಜನ ಮರೆಯುತ್ತಾರೆ. ಹಗಲಿನ ಮಂಗ ಮಾತಾಡುವುದು ಮುಖದಲ್ಲಿ: ಹುಬ್ಬು ಎತ್ತುತ್ತದೆ, ಹಲ್ಲು ಕಿರಿಯುತ್ತದೆ. ಕತ್ತಲಲ್ಲಿ ಯಾರಿಗೆ ಹಲ್ಲು ಕಿರಿಯುವುದು? ಮೂವತ್ತು ಮಂಗಗಳ ಗದ್ದಲದ ಗುಂಪು ರಾತ್ರಿ ಒಂದು ಸಲ ಕಿರುಚಿದರೆ ಚಿರತೆಗೆ ಅದೇ ಊಟದ ಗಂಟೆ. ಹಾಗಾಗಿ ಗುಂಪು ಒಡೆದು ಜೋಡಿಯಾಯಿತು. ಮರಿಯನ್ನು ಹೊರುವುದು ಅಪ್ಪ, ಗೂಬೆ ಮಂಗದ ಹಾಗೆ. ಹೊಟ್ಟೆಗೆ ಮರಿ ಅಂಟಿಸಿಕೊಂಡು ತಾಯಿ ಪೊಟರೆಗೆ ಒರಗಲು ಆಗುವುದಿಲ್ಲವಲ್ಲ. ಮಾತು? ಟಾರ್ಸಿಯರ್ ಒಂದು ಜಾತಿ 70 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ ಅಂತ 2012ರಲ್ಲಿ ಗೊತ್ತಾಯಿತು, ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಅಷ್ಟು ದೂರ ನಾನು ಹೋಗಲಿಲ್ಲ. ತಡಕಗಳು ಕೊಂಬೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಮಾತಾಡುತ್ತವೆ. ನಡುಕ ಮರದ ಮೂಲಕ ಇನ್ನೊಂದರ ಅಂಗೈಗೆ ಹೋಗುತ್ತದೆ.

ಹಂತ 8: ಎಷ್ಟು ಕಾಲ?

50 ಲಕ್ಷ ವರ್ಷ ಕೊಟ್ಟೆ. ತಲೆಮಾರಿಗೆ 5 ವರ್ಷ ಹಿಡಿದರೆ 10 ಲಕ್ಷ ತಲೆಮಾರು. ಭೂಮಿಯನ್ನೂ ಮರೆಯಬೇಡಿ: ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ, ಅದೇ ವೇಗದಲ್ಲಿ ಆಗುಂಬೆ 250 ಕಿಲೋಮೀಟರ್ ಮೇಲೆ ಹೋಗಿರುತ್ತದೆ. ನಡುವಿನ ಒಂದು ಮೆಟ್ಟಿಲೂ ಬರೆಯಿರಿ, ಹಗಲೂ ರಾತ್ರಿಯೂ ಓಡಾಡುವ ಒಂದು ಪ್ರಾಣಿ. ಗೂಬೆ ಮಂಗಗಳಲ್ಲೇ ಒಂದು ಜಾತಿ ಇಂದಿಗೂ ಹಾಗಿದೆ, ಹುಣ್ಣಿಮೆ ಹತ್ತಿರವಾದಾಗ ರಾತ್ರಿಯೆಲ್ಲ ತಿರುಗುತ್ತದೆ.

ಹಂತ 9: ಒಂದು ರಾತ್ರಿ ಬದುಕಿಸಿ ನೋಡಿ

ಚಿತ್ರಕ್ಕೆ ಕೈ ಹಾಕುವ ಮೊದಲು ಆ ಕೆಟ್ಟ ರಾತ್ರಿಯನ್ನು ಗಂಟೆ ಗಂಟೆಗೆ ಬರೆಯಿರಿ. ಎಲ್ಲಿ ಬರೆಯಲು ತಡವರಿಸುತ್ತೀರೋ ಅಲ್ಲಿ ಡಿಸೈನ್ ಸಡಿಲ ಇದೆ. ನನ್ನದು ಹೀಗಿತ್ತು.

ಸಂಜೆ 7:20. ಬೆಳಕು ಪೂರ್ತಿ ಹೋಗಿಲ್ಲ. ಹೆಣ್ಣು ಎದ್ದು ಮೈ ಕೊಡವುತ್ತದೆ. ಇಂಬಳ ಕಿತ್ತು ಎಸೆಯುತ್ತದೆ.

8:00. ಮೊದಲ ಪೊಟರೆ. ಕಡ್ಡಿ ಆಡಿಸಿತು, ಕಿವಿಗೊಟ್ಟಿತು, ಕೈ ಹಾಕಿತು. ಎರಡು ಗೊದಮೊಟ್ಟೆ.

9:30. ದೊಡ್ಡ ಏಡಿ. ಅಲ್ಲೇ ತಿನ್ನುವುದಿಲ್ಲ. ಕೊಂಬು ಮುರಿದು ಬಿಸಾಡಿ, ಉಳಿದದ್ದನ್ನು ಕೆನ್ನೆ ಚೀಲಕ್ಕೆ ತುರುಕಿ ಕವಲಿಗೆ ಓಡುತ್ತದೆ.

11:00. ಮಳೆ ಜೋರು. ಎಲ್ಲಾ ಪ್ರಾಣಿಗಳೂ ಸುಮ್ಮನಾದವು. ತಡಕ ಮಾತ್ರ ಕೆಲಸದಲ್ಲಿದೆ.

2:15. ಗಂಡು ಕೊಂಬೆಯನ್ನು ಮೂರು ಸಲ ಕುಟ್ಟಿತು. ಹೆಣ್ಣು ಕಲ್ಲಾಯಿತು. ಕೆಳಗೆ ಏನೋ ದಾಟಿತು.

5:30. ವಾಪಸ್. ಒಬ್ಬರ ಕೈಯನ್ನು ಒಬ್ಬರು ನೆಕ್ಕಿ, ಬೆರಳ ಸಂದಿಯ ಮುಳ್ಳು ತೆಗೆಯುತ್ತಾರೆ.

ಈ 2:15ರಲ್ಲಿ ನಾನು ನಿಂತುಬಿಟ್ಟೆ. ಅಂಥ ಮಳೆಯಲ್ಲಿ ಗಂಡಿಗೆ ಕೆಳಗೆ ಏನೋ ದಾಟಿದ್ದು ಗೊತ್ತಾದದ್ದು ಹೇಗೆ? ಕಾಣುವುದಿಲ್ಲ, ಕೇಳುವುದಿಲ್ಲ. ಎರಡು ದಿನ ಯೋಚಿಸಿ ಮೂಗಿಗೆ ಕೊಟ್ಟಿದ್ದ 10 ರೂಪಾಯಿ ನೆನಪಾಯಿತು. ಒದ್ದೆ ಚಿರತೆಯ ನಾತ ಹತ್ತಿರದಿಂದ ಮೂಗಿಗೆ ಬಡಿದರೆ ಸಾಕು, ಅದಕ್ಕೆ ನಾಯಿಮೂಗು ಬೇಡ. ಅಲ್ಲಿಗೆ ಹೊಂದಿತು, ಆಮೇಲೆ ಪೆನ್ಸಿಲ್ ಎತ್ತಿದೆ. ಒಂದು ನೆನಪಿಟ್ಟುಕೊಂಡು ಬಿಡಿಸಿ: ತಡಕನ ಮೇಲೆ ಟಾರ್ಚ್ ಬಿಟ್ಟರೆ ಕಣ್ಣು ಪುನುಗು ಬೆಕ್ಕಿನ ಹಾಗೆ ಫಳಫಳ ಹೊಳೆಯುವುದಿಲ್ಲ. ಕನ್ನಡಿ ಇಲ್ಲವಲ್ಲ. ಒಂದು ಮಂಕು ಕೆಂಪು, ಆರುತ್ತಿರುವ ಕೆಂಡದಷ್ಟು.